ಮೈಕಿನ ಮೇಲೆ ಕೈ

ಒಂದು ಮನೆ ಇತ್ತು. ನೋಡಿ, ಪ್ರತಿ ಸಲ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡುತ್ತಿದ್ದೆ, ಇವತ್ತು ಊರೇ ಇಲ್ಲ. ಮನೆ ಮಾತ್ರ ಇದೆ. ಆ ಮನೆಗೆ ಓಣಿಯಿಲ್ಲ, ನೆರೆಮನೆಯಿಲ್ಲ, ಬೆಳಗ್ಗೆ ಹಾಲಿನವನು ಬಂದು ಬಾಗಿಲು ತಟ್ಟುವುದಿಲ್ಲ. ಗೋಡೆ ತುಂಬ ಕನ್ನಡಿ, ಕನ್ನಡಿಯ ಹಿಂದೆ ಕ್ಯಾಮೆರಾ. ಯಾವ ಮನೆ ಅಂತ ಗೊತ್ತಾಯಿತಲ್ಲ? ಗೊತ್ತಾಗದೆ ಏನು! ಶ್ರಾವಣದ ಪ್ರವಚನ ಶುರುವಾದಾಗಿನಿಂದ ನೋಡುತ್ತಿದ್ದೇನೆ. ಒಂಬತ್ತು ಗಂಟೆ ಹತ್ತಿರ ಬರುತ್ತಲೇ ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕುತ್ತಾರೆ. ಪಾಪ, ಹಳ್ಳಿಯವರು, ಕೊನೆಯ ಬಸ್ಸಿಗೆ ಹೋಗಬೇಕೇನೋ ಅಂದುಕೊಂಡಿದ್ದೆ. ಆದರೆ ನಮ್ಮ ಈರಬಸಪ್ಪನವರೂ ಏಳುತ್ತಾರೆ. ಅವರ ಮನೆ ಮಠದ ಗೋಡೆಗೆ ಅಂಟಿಕೊಂಡೇ ಇದೆ, ಅವರಿಗೆ ಯಾವ ಬಸ್ಸು? ಆಮೇಲೆ ತಿಳಿಯಿತು, ಒಂಬತ್ತಕ್ಕೆ ಟೀವಿಯಲ್ಲಿ ಆ ಮನೆಯ ಬಾಗಿಲು ತೆರೆಯುತ್ತದೆ ಅಂತ. ನಗಬೇಡಿ ಈರಬಸಪ್ಪನವರೇ, ಕೂತುಕೊಳ್ಳಿ. ಇವತ್ತು ಅಂಥದೇ ಒಂದು ಮನೆಯ ಕಥೆ ಹೇಳುತ್ತೇನೆ. ನೀವು ಎದ್ದು ಹೋಗುವ ಕಷ್ಟ ಬೇಡ.

ಟೀವಿ ನೋಡದ ಹಿರಿಯರೂ ಇಲ್ಲಿದ್ದಾರೆ. ಅವರಿಗೆ ಮೊದಲು ಆ ಆಟ ಹೇಗೆ ಅಂತ ಹೇಳಿಬಿಡುತ್ತೇನೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಹತ್ತು ಹದಿನೈದು ಜನರನ್ನು ಒಂದು ಮನೆಯಲ್ಲಿ ಇಟ್ಟು ಹೊರಗಿನಿಂದ ಬೀಗ ಹಾಕುತ್ತಾರೆ. ಫೋನಿಲ್ಲ, ಪೇಪರಿಲ್ಲ, ಗಡಿಯಾರವೂ ಇಲ್ಲ. ವಾರಕ್ಕೊಂದು ಸಲ ಪ್ರತಿಯೊಬ್ಬರೂ ಒಂದು ಸಣ್ಣ ಕೋಣೆಗೆ ಒಬ್ಬರೇ ಹೋಗಬೇಕು. ಹೋಗಿ, ಈ ಮನೆಯಿಂದ ಯಾರು ಹೊರಗೆ ಹೋಗಬೇಕು ಅಂತ ಒಂದು ಹೆಸರು ಹೇಳಬೇಕು, ಕಾರಣವನ್ನೂ ಹೇಳಬೇಕು. ಯಾರ ಹೆಸರು ಹೆಚ್ಚು ಬಂತೋ ಅವರು ಪೆಟ್ಟಿಗೆ ಎತ್ತಿಕೊಂಡು ನಡೆಯಬೇಕು. ಹೀಗೆ ಕಳಿಸುತ್ತ ಕಳಿಸುತ್ತ ಇಬ್ಬರಾದಾಗ ಟೀವಿ ನೋಡುವ ಜನ ಓಟು ಹಾಕುತ್ತಾರೆ, ಕೊನೆಗೆ ಒಬ್ಬ ಉಳಿಯುತ್ತಾನೆ. ಉಳಿದವನೇ ಗೆದ್ದವನು. ಎಂಥ ಗೆಲುವು ನೋಡಿ! ನಮ್ಮ ಹಿರಿಯರು ಮನೆ ತುಂಬಿದರೆ ಗೆದ್ದೆವು ಅನ್ನುತ್ತಿದ್ದರು. ಅಲ್ಲಿ ಮನೆ ಖಾಲಿಯಾದರೆ ಗೆಲುವು.

ಆ ಮನೆಗೆ ಒಬ್ಬ ಮಾತುಗಾರ ಹೋದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ‘ಓ, ಅದು ಅವನ ಕಥೆ’ ಅಂತ ಹಗುರವಾಗಿ ಎದ್ದು ಹೋಗುತ್ತೀರಿ. ಅವನಿಗೆ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಅಂಥ ಬಾಯಿ. ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ಹಾರಿಸಿದನೆಂದರೆ ಕೊಳ್ಳುವ ಮನಸ್ಸಿಲ್ಲದವರೂ ಕೂತುಬಿಡಬೇಕು. ‘ಅಕ್ಕಾರ, ಇದನ್ನ ಯಾರಿಗೂ ತೋರಿಸಿಲ್ರಿ. ನಿಮಗಂತನ ಎತ್ತಿಟ್ಟೇನಿ’ ಅನ್ನುತ್ತಿದ್ದ. ಆ ಅಕ್ಕ ಹೋದ ಮೇಲೆ ಬಂದ ಇನ್ನೊಬ್ಬ ಅಕ್ಕನಿಗೂ ಅದೇ ಮಾತು, ಅದೇ ಸೀರೆ. ಯಾರೋ ಅವನ ಮಾತನ್ನು ಫೋನಿನಲ್ಲಿ ಹಿಡಿದು ಊರೂರಿಗೆ ಹರಿಯಬಿಟ್ಟರು. ಟೀವಿಯವರು ನೋಡಿದರು, ಕರೆದರು.

ಅವನಿಗೆ ಹೆಂಡತಿ ಇದ್ದಳು. ಅದೇ ಅಂಗಡಿಯ ಸೀರೆಗಳಿಗೆ ಮನೆಯಲ್ಲೇ ಕೂತು ಫಾಲ್ ಹೊಲಿಯುತ್ತಿದ್ದಳು. ಅವನು ಎಷ್ಟು ಮಾತೋ ಇವಳು ಅಷ್ಟು ಮೌನ. ಸಂಜೆ ಅವನು ಬಂದ ಮೇಲೆ ಹೊಲಿದು ಮುಗಿದ ಸೀರೆಗಳನ್ನು ಮಡಿಸುವುದು ಇಬ್ಬರ ಕೆಲಸ. ತಾಯಂದಿರಿಗೆ ಗೊತ್ತು, ಸೀರೆ ಮಡಿಸಲು ಎರಡು ಜನ ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಅವನು ಬಾಗಿಲ ಹತ್ತಿರ, ಇವಳು ಒಲೆಯ ಹತ್ತಿರ, ನಡುವೆ ಸೀರೆ. ಮಡಿಸುತ್ತ ಮಡಿಸುತ್ತ ಹತ್ತಿರ ಬರುತ್ತಿದ್ದರು.

ಇವನ ತಾಯಿ ತೀರಿಕೊಂಡಾಗ ಬಂದ ನೆಂಟರೆಲ್ಲ ದಿನಕಾರ್ಯ ಮುಗಿಸಿ ಹೊರಟುಹೋದರು. ಊರಿಗೆಲ್ಲ ಮಾತು ಹಂಚುವವನು ಆ ದಿನ ಬಚ್ಚಲ ಹೊಸ್ತಿಲ ಮೇಲೆ ಒದ್ದೆ ಕೈ ಹಾಗೇ ಇಟ್ಟುಕೊಂಡು ಕೂತಿದ್ದ. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಅವನು ಅವಳ ಮುಖವನ್ನೂ ನೋಡದೆ, ‘ಇನ್ನ ನಿನ್ನ ಬಿಟ್ರ ನನಗ ಯಾರದಾರ?’ ಅಂದ. ಅಷ್ಟೇ. ಸೀರೆ ಮಾರುವವನ ದನಿ ಅಲ್ಲ ಅದು. ಹೆಂಡತಿ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಕೊರಳಲ್ಲಿ ಒಂದೆಳೆ ಸರವಿಲ್ಲದಿದ್ದರೂ ಆ ಒಂದು ಮಾತಿದೆ ಅಂತ ಬದುಕುತ್ತಿದ್ದಳು. ನೆನಪಿಟ್ಟುಕೊಳ್ಳಿ ಈ ಮಾತನ್ನು. ಈ ಕಥೆಯಲ್ಲಿ ಕಳೆದುಹೋಗುವುದು ಇದೊಂದೇ.

ಹೊರಡುವ ದಿನ ಅವನ ಅಂಗಿಯ ಗುಂಡಿ ಬಿಗಿ ಮಾಡಿ ಹೊಲಿದುಕೊಟ್ಟು ಅವಳು ಹೇಳಿದಳು: ‘ಗೆದ್ದ ಬರ್ರಿ ಅಂತ ಎಲ್ಲಾರೂ ಹೇಳ್ಯಾರ. ನಾ ಏನ್ ಹೇಳ್ಲಿ? ಹೆಂಗ ಹೊಂಟೀರಿ, ಹಂಗ ಬರ್ರಿ.’

ಹೋದ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಎದೆಗೂ ಒಂದು ಸಣ್ಣ ಮೈಕ್ ಸಿಕ್ಕಿಸಿದರು. ಉಣ್ಣುವಾಗಲೂ ಅದು, ಮಲಗುವಾಗಲೂ ಅದು. ತೆಗೆದರೆ ಮೇಲಿನಿಂದ ಒಂದು ದನಿ ಬರುತ್ತದೆ, ‘ಮೈಕ್ ಧರಿಸಿಕೊಳ್ಳಿ’ ಅಂತ. ಮೊದಲ ದಿನ ಎಲ್ಲರೂ ಒಳ್ಳೆಯವರು, ಎಲ್ಲರೂ ಅಣ್ಣ ತಂಗಿ. ಮೊದಲನೇ ವಾರದ ಹೆಸರು ಹೇಳುವ ದಿನ ಬಂತು ನೋಡಿ, ಅಡುಗೆಮನೆಯಲ್ಲಿ ಇಬ್ಬರು, ಬಟ್ಟೆ ಒಣಗಿಸುವ ಕಡೆ ಇಬ್ಬರು, ಗಿಡದ ಹಿಂದೆ ಇಬ್ಬರು. ಎಲ್ಲರ ಕೈಯೂ ಎದೆಯ ಮೇಲೆ. ಭಕ್ತಿ ಅಂದುಕೊಂಡಿರಾ? ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡು ಪಿಸುಗುಟ್ಟುತ್ತಿದ್ದರು. ಗೋಡೆಗೆಲ್ಲ ಕಣ್ಣಿದೆ ಅಂತ ಅವರಿಗೆ ಗೊತ್ತು, ಆದರೂ ಮುಚ್ಚುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮಾತುಗಾರನಿಗೆ ಈ ಆಟ ಬಲುಬೇಗ ತಿಳಿಯಿತು. ಈ ಮನೆಯಲ್ಲಿ ಓಡುವವನೂ ಗೆಲ್ಲುವುದಿಲ್ಲ, ಹಾಡುವವನೂ ಗೆಲ್ಲುವುದಿಲ್ಲ. ಯಾರ ಹೆಸರನ್ನು ಯಾರೂ ಹೇಳುವುದಿಲ್ಲವೋ ಅವನೇ ಗೆಲ್ಲುತ್ತಾನೆ. ತನ್ನ ಹೆಸರು ಯಾರ ಬಾಯಲ್ಲೂ ಬರಬಾರದೆಂದರೆ ಪ್ರತಿಯೊಬ್ಬರೂ ‘ಇವನು ನನ್ನವನು’ ಅಂದುಕೊಳ್ಳಬೇಕು. ಅದೇನು ಅವನಿಗೆ ಕಷ್ಟವೇ? ದಿನವೂ ಮಾಡಿದ ಕೆಲಸ.

ಆ ಮನೆಯಲ್ಲಿ ಒಬ್ಬ ಪೈಲ್ವಾನ ಇದ್ದ. ಗರಡಿ ಮನೆಯವನು, ಬೆಟ್ಟದಂಥ ಮೈ, ಮಗುವಿನಂಥ ನಗು. ಒಂದು ಮಧ್ಯಾಹ್ನ ಅವನು ಮಕ್ಕಳನ್ನು ನೆನೆದು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಮಾತುಗಾರ ಹೋಗಿ ಪಕ್ಕದಲ್ಲಿ ಕೂತ. ಅವನಿಗೂ ಆ ಹೊತ್ತು ಮನೆಯ ನೆನಪು ಬಂದಿತ್ತು, ಅದೂ ನಿಜ. ಆದರೆ ಕೈ ಮೈಕಿನ ಮೇಲೆ ಹೋಯಿತು. ಬಾಯಿಂದ ಬಂದ ಮಾತು ಯಾವುದು ಗೊತ್ತೇ? ‘ಅಣ್ಣಾ, ನಿನ್ನ ಬಿಟ್ರ ನನಗ ಯಾರದಾರ?’

ಹೌದು. ಅದೇ ಮಾತು. ಬಚ್ಚಲ ಹೊಸ್ತಿಲ ಮೇಲೆ ಆಡಿದ ಮಾತು.

ಪೈಲ್ವಾನನ ಕಣ್ಣು ತುಂಬಿತು. ಆ ದಿನ ಊಟಕ್ಕೆ ಇವನನ್ನು ತನ್ನ ಗಂಗಾಳಕ್ಕೇ ಕರೆದ. ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ಇಬ್ಬರೂ ಉಂಡರು. ಕೈ ತೊಳೆಯುವಾಗ ಮಾತುಗಾರ, ‘ಹಂಗಾರ ನಾ ನಿನ್ನ ಹೆಸರು ಹೇಳಂಗಿಲ್ಲ, ನೀ ನನ್ನ ಹೆಸರು ಹೇಳಬಾರದು, ಆಣಿ ಮಾಡೂಣು’ ಅಂದ. ಪೈಲ್ವಾನ ಜೋರಾಗಿ ನಕ್ಕ. ‘ಆಣಿ ಯಾಕೋ ತಮ್ಮಾ? ಒಂದ ಗಂಗಾಳದಾಗ ಉಂಡೇವಿ, ಮುಗೀತು.’

ಅವನಿಗೆ ಮುಗಿಯಿತು. ಇವನಿಗೆ ಅದು ಶುರು. ಏಕೆಂದರೆ ಮಾತು ಕೆಲಸ ಮಾಡಿತ್ತು. ಒಮ್ಮೆ ಓಡಿದ ನಾಣ್ಯವನ್ನು ಯಾರು ಬಿಡುತ್ತಾರೆ? ಮಂಡ್ಯದ ಕಡೆಯ ಮೆಸ್ ನಡೆಸುವ ಅಕ್ಕ ಒಬ್ಬಳಿದ್ದಳು, ಮನೆಯ ಅಡುಗೆಯೂ ಅವಳ ಕೈಯಲ್ಲಿ, ಮನೆಯ ಅರ್ಧ ಗುಂಪೂ ಅವಳ ಕೈಯಲ್ಲಿ. ಸೊಪ್ಪು ಸೋಸುತ್ತಿದ್ದ ಅವಳ ಹತ್ತಿರ ಕೂತು, ಎದೆಯ ಮೇಲೆ ಕೈಯಿಟ್ಟು, ‘ಅಕ್ಕಾ, ನಿಮ್ಮನ್ನ ಬಿಟ್ರ ನನಗ ಯಾರದಾರ್ರೀ?’ ಅಂದ. ಹಾಡುವ ಹುಡುಗಿಯೊಬ್ಬಳಿದ್ದಳು. ‘ತಂಗೀ, ನಿನ್ನ ಬಿಟ್ರ...’ ಅಂದ. ಹಾಗಂತ ಆ ಅಕ್ಕ, ಆ ತಂಗಿ ಬಹಳ ಸಾಚಾ ಅಂತ ತಿಳಿಯಬೇಡಿ. ಅವರೂ ಮೈಕ್ ಮುಚ್ಚಿಕೊಂಡೇ ‘ನಿನ್ ಬಿಟ್ರೆ ನಂಗ್ಯಾರಪ್ಪಾ’ ಅಂತ ತಿರುಗಿ ಹೇಳಿದರು. ಹತ್ತು ಹದಿನೈದು ಜನರ ಮನೆ, ಗುಂಪು ಇಪ್ಪತ್ತು! ಪ್ರತಿಯೊಬ್ಬರಿಗೂ ಹತ್ತು ಜನ ‘ನಮ್ಮವರು’, ಒಬ್ಬರ ಮುಂದೂ ಎದೆಯ ಮೇಲಿನ ಕೈ ತೆಗೆದು ಮಾತಾಡುವ ಹಾಗಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಬದುಕುವುದು ಹೇಗೆ ಅಂತ ಕಲಿಯಬೇಕಾದರೆ ಅಲ್ಲಿಗೇ ಹೋಗಬೇಕು. ಅಲ್ಲಿಗೇ ಹೋಗಬೇಕೇ? ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಈ ಕಡೆ ನೋಡಿ. ಮನೆಯಲ್ಲಿ ಹೆಂಡತಿ ದಿನವೂ ಟೀವಿ ಮುಂದೆ ಕೂರುತ್ತಿದ್ದಳು. ಓಣಿಯವರೆಲ್ಲ ಅವಳ ಮನೆಗೇ ಬರುತ್ತಿದ್ದರು. ಹೊಲಿದ ಸೀರೆಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿ ತಾನು ಹಿಡಿದು, ಒಬ್ಬಳೇ ಮಡಿಸುತ್ತ ನೋಡುತ್ತಿದ್ದಳು. ಮೈಕ್ ಮುಚ್ಚಿದರೆ ದನಿ ಸಣ್ಣದಾಗುತ್ತದೆ, ಆದರೆ ಟೀವಿಯವರು ಬಿಡುತ್ತಾರೆಯೇ? ತುಟಿ ಓದಿ ಆಡಿದ ಮಾತನ್ನು ಕೆಳಗೆ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಪೈಲ್ವಾನನಿಗೆ ಹೇಳಿದ ಮಾತು ಹಾಗೆ ಅಕ್ಷರವಾಗಿ ಬಂತು. ಅವಳ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. ಪಾಪ, ಅಲ್ಲಿ ಯಾರೂ ಇಲ್ಲ, ನೆನಪಾಗಿ ಆಡಿದ್ದಾರೆ ಅಂತ ಸಮಾಧಾನ ಮಾಡಿಕೊಂಡಳು. ಮೆಸ್ಸಿನ ಅಕ್ಕನಿಗೆ ಹೇಳಿದ್ದು ಬಂತು. ಆಗಲೂ ಏನೋ ಸಮಾಧಾನ ಹುಡುಕಿದಳು. ಹಾಡುವ ಹುಡುಗಿಗೆ ಹೇಳಿದಾಗ ಓಣಿಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಒಬ್ಬಾಕೆ ತಿರುಗಿ, ‘ಏನವಾ, ಯಾರದಾರ ಯಾರದಾರ ಅಂತಾನ, ನಿನ್ನ ಗಂಡಗ ಎಷ್ಟ್ ಮಂದಿ ಅದಾರ!’ ಅಂದಳು. ಇವಳೂ ನಕ್ಕಳು. ನಗದೆ ಏನು ಮಾಡಬೇಕು ಹೇಳಿ? ಅಷ್ಟರಲ್ಲಿ ಆ ಮಾತು ಊರಿನ ಮಾತಾಗಿತ್ತು. ಶಾಲೆಗೆ ಹೋಗುವ ಮಕ್ಕಳು ಎದೆಯ ಮೇಲೆ ಕೈಯಿಟ್ಟು ಒಬ್ಬರಿಗೊಬ್ಬರು ‘ನಿನ್ನ ಬಿಟ್ರ ನನಗ ಯಾರದಾರ’ ಅಂತ ಅಣಕಿಸುತ್ತ ಅವಳ ಬಾಗಿಲ ಮುಂದೆಯೇ ಓಡುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಟ ಕೊನೆಗೆ ಬಂತು. ಉಳಿದವರು ಕೆಲವರೇ. ಜನರಿಗೆ ಪೈಲ್ವಾನನೆಂದರೆ ಪ್ರೀತಿ. ಅವನಿದ್ದರೆ ಬೇರೆ ಯಾರೂ ಗೆಲ್ಲುವುದಿಲ್ಲ ಅಂತ ಒಳಗಿನವರಿಗೂ ವಾಸನೆ ಹತ್ತಿತು. ಮೆಸ್ಸಿನ ಅಕ್ಕ ಒಗ್ಗರಣೆ ಹಾಕುತ್ತ, ಸೌಟಿಲ್ಲದ ಕೈಯಿಂದ ಮೈಕ್ ಮುಚ್ಚಿ ಮಾತುಗಾರನಿಗೆ ಹೇಳಿದಳು: ‘ನೋಡಪ್ಪಾ, ಈ ವಾರ ನಿನ್ ಹೆಸ್ರು ಬತ್ತದೆ. ನಾನ್ ತಪ್ಪುಸ್ತೀನಿ. ಆದ್ರೆ ಪೈಲ್ವಾನನ್ ಹೆಸ್ರ ನೀನೂ ಹೇಳ್ಬೇಕು. ನಿನ್ ಒಂದು ಮಾತು ಸೇರುದ್ರೆ ಆಯ್ತು.’

ಆ ವಾರ ಮೊದಲು ಸಣ್ಣ ಕೋಣೆಗೆ ಹೋದವನು ಪೈಲ್ವಾನ. ಮೇಲಿನ ದನಿ ಅವನಿಗೆ ಆಸೆ ತೋರಿಸಿತು. ಮಾತುಗಾರನ ಹೆಸರು ಹೇಳಿದರೆ ಈ ವಾರ ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ ಅಂದಿತು. ಪೈಲ್ವಾನ ತಲೆ ಕೆರೆದುಕೊಂಡ. ‘ಅದು ಆಗೂದಿಲ್ರಿ. ಒಂದ ಗಂಗಾಳದಾಗ ಉಂಡೇವ್ರಿ’ ಅಂದ. ಬೇರೆ ಹೆಸರು ಹೇಳಿ ಹೊರಗೆ ಬಂದ.

ಆಮೇಲೆ ಮಾತುಗಾರ ಹೋದ. ಪೈಲ್ವಾನನ ಹೆಸರು ಹೇಳಿದ. ಕಾರಣ? ಕಾರಣ ಕೇಳಿ: ‘ಅವರು ಮನೆ ನೆನೆದು ಬಹಳ ನೊಂದುಕೊಂಡಿದ್ದಾರೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.’ ಅವರ ಒಳ್ಳೆಯದಕ್ಕೇ! ಈ ಮಾತನ್ನು ನೀವು ಎಲ್ಲೆಲ್ಲಿ ಕೇಳಿದ್ದೀರಿ, ಎಲ್ಲೆಲ್ಲಿ ಆಡಿದ್ದೀರಿ, ಸ್ವಲ್ಪ ನೆನಪು ಮಾಡಿಕೊಳ್ಳಿ. ಸುಳ್ಳಿಗೆ ರೇಷ್ಮೆ ಸೀರೆ ಉಡಿಸುವುದು ಅಂದರೆ ಇದೇ.

ಪೈಲ್ವಾನ ಹೊರಡಬೇಕಾಯಿತು. ಬಾಗಿಲ ಹತ್ತಿರ ಅವನ ಮೈಕ್ ಬಿಚ್ಚಿಸಿಕೊಂಡರು. ಒಳಗೆ ಯಾರು ಏನು ಹೇಳಿದರು ಅಂತ ಹೊರಡುವವರಿಗೆ ತೋರಿಸಿಬಿಡುವುದು ಆ ಆಟದ ಪದ್ಧತಿ. ಅವನಿಗೂ ಪರದೆಯ ಮೇಲೆ ತೋರಿಸಿದರು. ನೋಡಿದ. ಕೂಗಾಡಲಿಲ್ಲ. ಬಂದು ಮಾತುಗಾರನನ್ನು ತಬ್ಬಿಕೊಂಡು ಹೇಳಿದ: ‘ತಮ್ಮಾ, ಹೆಸರ ಹೇಳಿದ್ದಕ್ಕ ಸಿಟ್ಟಿಲ್ಲ. ಆಟ ಆಟಾನ. ನನಗ ಒಂದ ಮಾತು ತಿಳೀಬೇಕು. ಅವತ್ತ ಮೂಲ್ಯಾಗ ಕುಂತು ಹೇಳಿದೆಲ್ಲಾ, ಅದಾದ್ರೂ ಖರೇನೋ ಇಲ್ಲೋ?’

‘ಖರೇ ಅಣ್ಣಾ’ ಅಂದ ಮಾತುಗಾರ. ಕೈ ಎದೆಯ ಮೇಲೆ ಹೋಗಿತ್ತು.

ಪೈಲ್ವಾನ ಆ ಕೈಯನ್ನೇ ನೋಡಿದ. ‘ಕೈ ತಗದು ಹೇಳು’ ಅಂದ.

ಮಾತುಗಾರ ಕೈ ತೆಗೆದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಮಾತು ಬರಲಿಲ್ಲ. ಪೈಲ್ವಾನ ಅವನ ಬೆನ್ನು ತಟ್ಟಿ, ಪೆಟ್ಟಿಗೆ ಎತ್ತಿಕೊಂಡು ನಡೆದ. ಇದನ್ನೂ ಟೀವಿಯಲ್ಲಿ ತೋರಿಸಿದರು. ಇದನ್ನೂ ಹೆಂಡತಿ ನೋಡಿದಳು.

ಕೊನೆಗೆ ಇಬ್ಬರು ಉಳಿದರು, ಮಾತುಗಾರ ಮತ್ತು ಮೆಸ್ಸಿನ ಅಕ್ಕ. ಊಟದ ಮೇಜಿನ ಸುತ್ತ ಮೊದಲಿದ್ದಷ್ಟೇ ಕುರ್ಚಿಗಳು. ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಇವನು, ಅವರವರ ಹಳೆಯ ಜಾಗದಲ್ಲೇ. ಹತ್ತಿರ ಬಂದು ಕೂರೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅಕ್ಕ ಬಡಿಸಿದಳು, ಇವನು ಉಂಡ. ಕಳಿಸುವುದಕ್ಕೆ ಯಾರೂ ಉಳಿದಿರಲಿಲ್ಲ, ಹಾಗಾಗಿ ಮಾತಾಡುವುದಕ್ಕೆ ಏನೂ ಇರಲಿಲ್ಲ. ಅಕ್ಕ ಮಲಗಿದ ಮೇಲೆ ಒಂದು ಮಧ್ಯಾಹ್ನ ಅವನು ಕನ್ನಡಿಯ ಮುಂದೆ ನಿಂತು ತನಗೆ ತಾನೇ ಹೇಳಿಕೊಂಡ, ‘ನಿನ್ನ ಬಿಟ್ರ ನನಗ ಯಾರದಾರ?’ ಕನ್ನಡಿಯಲ್ಲಿದ್ದವನ ಕೈಯೂ ಎದೆಯ ಮೇಲಿತ್ತು. ಇದನ್ನು ಮಾತ್ರ ಟೀವಿಯವರು ತೋರಿಸಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲವಲ್ಲ. ಹಾಗಾದರೆ ಮಠದೊಳಗೆ ಕೂತ ನಿಮಗೆ ಹೇಗೆ ಗೊತ್ತು ಅಜ್ಜಾರೇ ಅಂತ ಕೇಳಬೇಡಿ. ಕಥೆ ಹೇಳುವವನಿಗೆ ಇಷ್ಟಾದರೂ ಸಲಿಗೆ ಬೇಡವೇ?

ಗೆದ್ದ. ಮಾತುಗಾರನೇ ಗೆದ್ದ. ತೆರೆದ ಜೀಪಿನಲ್ಲಿ ಮೆರವಣಿಗೆಯಾಯಿತು. ಅಂಗಡಿಯ ಮುಂದೆ ಆಳೆತ್ತರದ ಬೋರ್ಡ್ ಹಾಕಿದರು, ಎದೆಯ ಮೇಲೆ ಕೈಯಿಟ್ಟು ನಗುತ್ತಿರುವ ಅವನ ಚಿತ್ರ. ಸೀರೆಗೆ ಬಂದವರೆಲ್ಲ, ‘ಆ ಮಾತು ಒಮ್ಮೆ ಅನ್ರಿ, ಫೋಟೋ ತಗೋತೀವಿ’ ಅನ್ನುವರು. ಅಂದ. ದಿನವೂ ಅಂದ. ಮಧ್ಯೆ ಒಂದು ದಿನ ಪೈಲ್ವಾನನಿಗೆ ಫೋನ್ ಮಾಡಿದ. ಆ ಕಡೆಯಿಂದ, ‘ಆರಾಮ ಅದೇನಿ ತಮ್ಮಾ. ನೀ ಆರಾಮ? ಛಲೋ ಆತು. ಫೋನ್ ಇಡ್ಲಾ?’ ಅಂತ ಬಂತು. ಬೈಗುಳವಲ್ಲ, ಬಿರುಸಲ್ಲ. ಇಡ್ಲಾ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮನೆಯಲ್ಲಿ ಹೆಂಡತಿ ಏನೂ ಕಡಿಮೆ ಮಾಡಲಿಲ್ಲ. ಬಿಸಿ ನೀರು, ಬಿಸಿ ರೊಟ್ಟಿ, ಕರೆದ ಕೂಡಲೇ ‘ಏನ್ರೀ’. ಆದರೆ ಸಂಜೆ ಅವನು ಮನೆಯಲ್ಲಿದ್ದರೂ ಸೀರೆಯ ತುದಿಯನ್ನು ಕಿಟಕಿಯ ಸರಳಿಗೇ ಸಿಕ್ಕಿಸುತ್ತಿದ್ದಳು. ರೂಢಿಯಾಗಿಬಿಟ್ಟಿತ್ತೋ ಏನೋ. ಅವನು ನೋಡುತ್ತ ಕೂರುತ್ತಿದ್ದ. ಒಂದು ಸಂಜೆ ತಡೆಯಲಾಗಲಿಲ್ಲ. ಅವನಿಗೆ ನಿಜವಾಗಿ ಎದೆ ತುಂಬಿ ಬಂದಿತ್ತು. ಇದನ್ನು ನೀವು ನಂಬಬೇಕು, ಆ ಹೊತ್ತು ಅವನಲ್ಲಿ ಒಂದು ಚೂರೂ ನಾಟಕ ಇರಲಿಲ್ಲ. ಎದ್ದು, ಫಾಲ್ ಹೊಲಿಯುತ್ತ ಕೂತಿದ್ದ ಅವಳ ಹತ್ತಿರ ಹೋಗಿ, ‘ಏ ಇವಳ, ನಿನ್ನ ಬಿಟ್ರ ನನಗ ಯಾರದಾರ?’ ಅಂದ.

ಕೈ? ಕೈ ಎಲ್ಲಿತ್ತು ಹೇಳಿ. ಮೈಕಿಲ್ಲ, ಕ್ಯಾಮೆರಾ ಇಲ್ಲ, ಸ್ವಂತ ಮನೆ, ಸ್ವಂತ ಹೆಂಡತಿ. ಆದರೂ ಅಂಗೈ ಎದೆಯ ಮೇಲೆ ಗಟ್ಟಿಯಾಗಿ ಕೂತಿತ್ತು.

ಅವಳು ಸೂಜಿಯಿಂದ ಕಣ್ಣೆತ್ತಿದಳು. ‘ಕೈ ತಗದು ಹೇಳ್ರಿ’ ಅಂದಳು. ಸಿಟ್ಟಿನಿಂದಲ್ಲ. ಬೇಡಿಕೊಂಡ ಹಾಗೆ ಅಂದಳು.

ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದ. ಬಾಯಿ ತೆರೆದ. ಈ ಸಲ ಮಾತು ಬಂತು. ಆದರೆ ಅಂಗಡಿಯ ದನಿಯಲ್ಲಿ ಬಂತು, ಬೋರ್ಡಿನ ಮೇಲಿನ ನಗುವಿನ ಜೊತೆಗೇ ಬಂತು. ಅವಳಿಗೂ ಕೇಳಿತು, ಅವನಿಗೂ ಕೇಳಿತು. ತನ್ನದೇ ಮಾತು ತನ್ನ ಬಾಯಲ್ಲೇ ಕೆಟ್ಟುಹೋಗಿದೆ ಅಂತ ಅವನಿಗೆ ಗೊತ್ತಾಯಿತು. ಇದಕ್ಕಿಂತ ದೊಡ್ಡ ಬಡತನ ನಾನು ಕಾಣೆ.

ಹೆಂಡತಿ ದಾರ ಕಚ್ಚಿ ತುಂಡರಿಸಿದಳು. ‘ಇರ್ಲಿ ಬಿಡ್ರಿ. ಊಟಾ ಮಾಡ್ರಿ’ ಅಂದಳು.

ಇರ್ಲಿ ಬಿಡ್ರಿ.

ತಾಯಂದಿರೇ, ಅಪ್ಪಗಳಿರಾ, ಈ ಎರಡು ಪದ ಎಷ್ಟು ಭಯಂಕರ ಗೊತ್ತೇ? ಜಗಳವಾಡುವವರೆಗೆ ಮನುಷ್ಯರಿಗೆ ಇನ್ನೂ ಆಸೆ ಇರುತ್ತದೆ. ಅಳುವವರೆಗೂ ಇರುತ್ತದೆ. ಇರ್ಲಿ ಬಿಡ್ರಿ ಅಂದರೆ, ನಿಮ್ಮಿಂದ ನಿಜ ಬರುತ್ತದೆ ಅಂತ ಕಾಯುವುದನ್ನು ಅವರು ಬಿಟ್ಟುಬಿಟ್ಟರು ಅಂತ. ನಿಮ್ಮ ಮನೆಯಲ್ಲಿ ನಿಮಗೆ ಯಾರಾದರೂ ಹೀಗೆ ಅಂದಿದ್ದಾರೆಯೇ? ಯೋಚನೆ ಮಾಡಿ. ಮಗ ಅಂದಿದ್ದಾನೆಯೇ? ಅಣ್ಣ ಅಂದಿದ್ದಾನೆಯೇ? ಅಂದಾಗ ನೀವು ಏನು ಮಾಡಿದಿರಿ? ಗೆದ್ದೆ ಅಂದುಕೊಂಡು ಊಟಕ್ಕೆ ಕೂತಿರಿ.

ಟೀವಿಯಲ್ಲಿ ಆ ಮಂದಿಯನ್ನು ನೋಡಿ ‘ಥೂ, ಎಂಥಾ ಕುತಂತ್ರಿಗಳು’ ಅನ್ನುತ್ತೀರಿ. ಆಟಕ್ಕಾಗಿ ಮಾಡುತ್ತಾರೆ ಅವರು, ನಾವು ಯಾವುದಕ್ಕಾಗಿ ಮಾಡುತ್ತೇವೆ? ನಮ್ಮ ಎದೆಗೆ ಮೈಕ್ ಸಿಕ್ಕಿಸಿದವರು ಯಾರು? ಇದೇ ಮಠದ ದಾಸೋಹ ಸಮಿತಿಯನ್ನೇ ತೆಗೆದುಕೊಳ್ಳಿ. ಅನ್ನ ನೀಡುವ ಸಮಿತಿ, ಇದರಲ್ಲಿ ಗೆಲ್ಲುವುದೇನಿದೆ? ಆದರೂ ಅದರ ಸದಸ್ಯರಲ್ಲಿ ಒಬ್ಬರೂ ಬಿಡದೆ ಎಲ್ಲರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು, ‘ಅಜ್ಜಾರ, ನಿಮಗೊಬ್ಬರಿಗ ಹೇಳ್ತೇನ್ರಿ, ಯಾರ ಮುಂದೂ ಅನ್ನಬ್ಯಾಡ್ರಿ’ ಅಂದಿದ್ದಾರೆ. ತಲೆ ತಗ್ಗಿಸಬೇಡಿ, ನಾನು ಯಾರ ಹೆಸರೂ ಹೇಳುವುದಿಲ್ಲ. ಹೆಣ್ಣುಮಕ್ಕಳ ಫೋನಿನಲ್ಲಿ ಅತ್ತೆ ಇರುವ ಗುಂಪು ಒಂದು, ಅತ್ತೆ ಇಲ್ಲದ ಗುಂಪು ಇನ್ನೊಂದು. ಅತ್ತೆಯಂದಿರು ನಗುತ್ತಿದ್ದೀರಾ? ಸೊಸೆ ಇಲ್ಲದ ಗುಂಪು ನಿಮ್ಮದೂ ಇದೆ, ನನಗೆ ಗೊತ್ತು. ಪೇಟೆಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಪಡಸಾಲೆಯಲ್ಲಿ, ಎಲ್ಲೆಲ್ಲೂ ನೋಡಿ, ಒಬ್ಬರ ಕಿವಿಯಲ್ಲಿ ಇನ್ನೊಬ್ಬರು. ಎಲ್ಲರೂ ಎಲ್ಲರಿಗೂ ‘ನಮ್ಮವರು’. ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮನಸ್ಸು ಬಿಚ್ಚಿ ಮಾತಾಡುವುದಕ್ಕೆ ಒಬ್ಬರಿಲ್ಲ. ಯಾಕಿಲ್ಲ? ಇದ್ದ ಒಂದೇ ಮಾತನ್ನು ಊರಿಗೆಲ್ಲ ಹಂಚಿ ಬಂದಿದ್ದೀರಿ.

ಏನು ನೀಲಮ್ಮನವರೇ? ಜೋರಾಗಿ ಕೇಳಿ, ಹಿಂದಿನವರಿಗೂ ಕೇಳಲಿ.

‘ಅಜ್ಜಾರ, ಆಮ್ಯಾಲೆ ಆಕಿ ಅವನ್ನ ನಂಬಿದಳ್ರೋ ಇಲ್ರೋ?’

ಕೇಳಿದಿರಾ ಎಲ್ಲರೂ? ಇದೇ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ. ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ ತಾಯಿ. ನನಗೆ ಗೊತ್ತಿರುವುದು ಇಷ್ಟು. ಆ ಸಂಜೆಯ ನಂತರ ಅವನು ಆ ಮಾತನ್ನು ಎಲ್ಲೂ ಆಡಲಿಲ್ಲ. ಬೋರ್ಡ್ ಇಳಿಸಿ ಅಂತ ಅಂಗಡಿಯ ಸಾಹುಕಾರನಿಗೆ ಹೇಳಿದ, ಸಾಹುಕಾರ ಇಳಿಸಲಿಲ್ಲ, ಆ ಬೋರ್ಡಿನ ಕೆಳಗೇ ತಲೆ ತಗ್ಗಿಸಿ ಕೆಲಸಕ್ಕೆ ಹೋಗುತ್ತಿದ್ದ. ಬಹಳ ದಿನ ಇಬ್ಬರ ನಡುವೆ ಊಟ ನೀರಿನಷ್ಟೇ ಮಾತು. ಒಂದು ಮನೆಯಲ್ಲಿ ಇಬ್ಬರು ಒಂಟಿಯವರು. ಹೀಗಿರುವಾಗ ಒಂದು ಸಂಜೆ ಅವಳು ಸೀರೆಯ ತುದಿಯನ್ನು ಸರಳಿಗೆ ಸಿಕ್ಕಿಸಿ ಈ ಕಡೆ ಬರುವಷ್ಟರಲ್ಲಿ ಅವನು ಎದ್ದು ಹೋಗಿ ಆ ತುದಿಯನ್ನು ಸರಳಿನಿಂದ ಬಿಡಿಸಿ ತಾನು ಹಿಡಿದುಕೊಂಡ. ಎರಡು ಕೈಯಲ್ಲಿ ಎರಡು ಮೂಲೆ. ಅವಳು ಅವನ ಎರಡು ಕೈಗಳನ್ನೂ ನೋಡಿದಳು. ಆಮೇಲೆ ತನ್ನ ತುದಿಯನ್ನು ಹಿಡಿದಳು. ಮಡಿಸತೊಡಗಿದರು. ಅವನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಕೈ ಎರಡೂ ಸೀರೆಯಲ್ಲಿ ಸಿಕ್ಕಿವೆ, ಎದೆಯ ಮೇಲೆ ಹೋಗುವಂತಿಲ್ಲ. ‘ಇವತ್ತ ಬಿಸಿಲ ಭಾಳ ಇತ್ತು’ ಅಂದ.

‘ಹೂಂ’ ಅಂದಳು.

ಅಷ್ಟೇ ನೀಲಮ್ಮನವರೇ. ಬಿಸಿಲು ನಿಜವಾಗಿಯೂ ಬಹಳ ಇತ್ತು. ಅದೊಂದು ನಿಜ ಅವನಿಂದ ಬಂತು, ಅದೊಂದು ಹೂಂ ಅವಳಿಂದ ಬಂತು. ಮಾರನೇ ದಿನ ಮತ್ತೆ ಅದೇ ತುದಿ ಹಿಡಿದ. ಆ ದೊಡ್ಡ ಮಾತು ಎಂದಾದರೂ ವಾಪಸ್ಸು ಬರುವುದಿದ್ದರೆ ಇಂಥ ಸಣ್ಣ ಸಣ್ಣ ಮಾತಿನ ಹಿಂದೆಯೇ ಬರಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಅದಕ್ಕೇ ಹೇಳುತ್ತೇನೆ, ನಾಳೆಯಿಂದ ಒಂದು ಕೆಲಸ ಮಾಡಿ. ‘ನಿಮಗೊಬ್ಬರಿಗೇ ಹೇಳುತ್ತೇನೆ’ ಅಂತ ನಾಲಿಗೆಯ ತುದಿಗೆ ಬಂತೋ, ಬಾಯಿ ಮುಚ್ಚಿ ಒಂದು ಲೋಟ ನೀರು ಕುಡಿಯಿರಿ. ಯಾರ ಬಗ್ಗೆ ಹೇಳಲು ಹೊರಟಿರೋ ಅವರು ಅಲ್ಲೇ ನಿಂತಿದ್ದರೂ ಆಡಬಹುದಾದ ಮಾತಾದರೆ ಆಡಿ, ಇಲ್ಲದಿದ್ದರೆ ನುಂಗಿ. ಯಾರನ್ನಾದರೂ ದೂರ ಮಾಡುವಾಗ ‘ಅವರ ಒಳ್ಳೆಯದಕ್ಕೇ’ ಅನ್ನಬೇಡಿ, ನನಗೆ ಬೇಕಾಗಿದೆ ಅದಕ್ಕೆ ಮಾಡುತ್ತಿದ್ದೇನೆ ಅನ್ನಿ. ಕೇಳುವವರಿಗೆ ನೋವಾದರೂ ನಿಮ್ಮ ಮಾತು ಕೆಡುವುದಿಲ್ಲ. ಇನ್ನು, ಎದೆಯಾಳದಿಂದ ಆಡುವ ಒಂದು ಮಾತು ಎಲ್ಲರ ಹತ್ತಿರವೂ ಇರುತ್ತದೆ. ಅದು ಯಾರದ್ದೋ ಅವರಿಗೇ ಇರಲಿ. ಅದನ್ನು ವ್ಯಾಪಾರಕ್ಕೆ ಇಡಬೇಡಿ.

ಈಗಾಗಲೇ ಇಟ್ಟಿದ್ದರೆ? ಇಟ್ಟವರೂ ಇದ್ದೀರಿ, ನಿಮ್ಮ ಮುಖ ನನಗೆ ಇಲ್ಲಿಂದ ಕಾಣುತ್ತಿದೆ. ಅಂಥವರು ಇವತ್ತು ಮನೆಗೆ ಹೋಗಿ ದೊಡ್ಡ ಮಾತೇನೂ ಆಡಲು ಹೋಗಬೇಡಿ, ಯಾರೂ ನಂಬುವುದಿಲ್ಲ. ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಎರಡು ಜನ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುತ್ತಿರುತ್ತಾರೆ. ಹೋಗಿ ಆ ಕೆಲಸದ ಇನ್ನೊಂದು ತುದಿ ಹಿಡಿಯಿರಿ. ಬಿಸಿಲಿನ ಮಾತಾಡಿ.

ಅಗೋ, ಒಂಬತ್ತಾಯಿತು. ಈರಬಸಪ್ಪನವರು ಚಪ್ಪಲಿ ಹುಡುಕುತ್ತಿದ್ದಾರೆ. ಹೋಗಿ ಬನ್ನಿ. ನಿಮ್ಮ ಮನೆಯ ಬಾಗಿಲೂ ಒಂಬತ್ತಕ್ಕೆ ತೆರೆಯುತ್ತದೆ, ಒಳಗೆ ಒಬ್ಬರು ಕಾಯುತ್ತಿದ್ದಾರೆ, ಅವರ ಮುಂದೆ ಕೈ ಕೆಳಗಿಳಿಸಿ ಕೂತುಕೊಳ್ಳಿ.